ಮುರಿಯಲಿ ಎಂದ ಮಾಸ್ತರು

ಇವತ್ತು ಮಧ್ಯಾಹ್ನ ಸ್ಪಗೆಟಿ ಕಡ್ಡಿಗಳನ್ನು ಮುರಿದು ಕುದಿಯುವ ನೀರಿಗೆ ಹಾಕುತ್ತಿದ್ದೆ. ಒಂದು ಚೂರು ಟಪ್ಪನೆ ಸಿಡಿದು ಕೆನ್ನೆಗೆ ಬಡಿಯಿತು. ಅಷ್ಟೇ ಸಾಕಾಯಿತು, ಪಕ್ಕದ ಮನೆಯ ಮಾಸ್ತರು ಕಣ್ಣೆದುರು ಬಂದು ನಿಂತರು...

ವಿಜಯಪುರದ ಕಡೆಯವರು. ಊರಲ್ಲಿ ಇಂಜಿನಿಯರಿಂಗ್ ಕಲಿಸಿ ನಿವೃತ್ತರಾಗಿ, ಇಲ್ಲಿ ಲಂಡನ್ನಿನ ಹ್ಯಾರೋದಲ್ಲಿ ಮಗಳ ಮನೆಯಲ್ಲಿದ್ದರು. ಸಿಟ್ಟೆಂದರೆ ಬೆಂಕಿಯಂಥ ಸಿಟ್ಟು.

ನನ್ನ ಮೊಮ್ಮಗಳು ಯೂನಿವರ್ಸಿಟಿಯ ಮೊದಲ ವರ್ಷದಲ್ಲೇ ಸ್ಟ್ಯಾಟಿಕ್ಸ್‌ನಲ್ಲಿ ಫೇಲಾಗಿದ್ದಳು. ಅಲುಗಾಡದೆ ನಿಂತ ವಸ್ತುಗಳ ಲೆಕ್ಕವಂತೆ ಅದು. ಸುಮ್ಮನೆ ನಿಂತದ್ದಕ್ಕೆ ಎಂಥ ಲೆಕ್ಕವೋ, ಎರಡನೇ ಇಯತ್ತೆಗೆ ಶಾಲೆ ಬಿಟ್ಟ ನನ್ನ ತಲೆಗೆ ಹೋಗಲಿಲ್ಲ. ಇನ್ನೊಮ್ಮೆ ಫೇಲಾದರೆ ಕೋರ್ಸಿನಿಂದಲೇ ಹೊರಗೆ ಎನ್ನುವುದು ಮಾತ್ರ ತಿಳಿಯಿತು. ಹುಡುಗಿ ಊಟ ಬಿಟ್ಟಳು. ನಾನೇ ಹೋಗಿ ಮಾಸ್ತರನ್ನು ಕರೆತಂದೆ.

ಬಂದವರು ನಮ್ಮ ಊಟದ ಟೇಬಲ್ಲನ್ನು ರಣರಂಗ ಮಾಡಿಬಿಟ್ಟರು. "ಕಡಿ ಅದನ್ನ! ಕಂಬ ಕಿತ್ತೊಗಿ! ಕಂಬ ಎಷ್ಟು ಹೊತ್ತಿತ್ತೋ ಅಷ್ಟಕ್ಕ ಬಾಣ ಬರಿ!" ಎಂದು ಹುಡುಗಿ ಬರೆದ ಸೇತುವೆಯ ಚಿತ್ರ ತೋರಿಸಿ ಗುದ್ದಿದರೆ ಲೋಟಗಳು ಹಾರಿ ಬೀಳುತ್ತಿದ್ದವು. ಚಿತ್ರ ತಪ್ಪಿದರೆ ಹಾಳೆ ಚಿಂದಿ. ನನ್ನ ಮಗ ಹೆದರಿ ಕಾರಿನಲ್ಲಿ ಹೋಗಿ ಕೂರುತ್ತಿದ್ದ.

ಒಂದು ಭಾನುವಾರ ಮೊಮ್ಮಗಳು, ಮಾಸ್ತರು ಹೇಳಿದಂತೆ ಸ್ಪಗೆಟಿ ಅಂಟಿಸಿ ಮಾಡಿದ ಸೇತುವೆಯನ್ನು ಎರಡು ಕುರ್ಚಿಗಳ ನಡುವೆ ಇಟ್ಟಳು. ಮಾಸ್ತರು ಅದಕ್ಕೆ ಬಕೀಟು ತೂಗುಬಿಟ್ಟು ನನ್ನ ಜೋಳದ ಹಿಟ್ಟನ್ನು ಸುರಿಯತೊಡಗಿದರು. ಸೇತುವೆ ಬಾಗಿತು, ಕರಕರ ಎಂದಿತು. ಹುಡುಗಿಯ ಕಣ್ಣಲ್ಲಿ ನೀರು. ತಡೆಯಲಾರದೆ ಬಕೀಟಿನ ಕೆಳಗೆ ಅಂಗೈ ಒಡ್ಡಿದೆ.

"ಕೈ ತಗೀರಿ ಅಕ್ಕಾರ!" ಮಾಸ್ತರು ಗರ್ಜಿಸಿದರು.

"ಮುರೀತೈತ್ರೀ ಮಾಸ್ತರ, ಕೂಸು ವಾರಗಟ್ಟಲೆ ಕುಂತು ಮಾಡೇತಿ."

"ಮುರೀಲಿ! ಎಲ್ಲಿ ಮುರೀತೈತಿ ಅಂತ ಆಕಿ ನೋಡಬ್ಯಾಡೇನು? ಪರೀಕ್ಷಾದಾಗೂ ಹಿಂಗ ಕೈ ಒಡ್ಡಿ ನಿಂದರ್ತೀರೇನು?"

ಕೈ ತೆಗೆದೆ. ಗುಂಡು ಹೊಡೆದ ಹಾಗೆ ಸಿಡಿಯಿತು! ಒಂದು ಚೂರು ಮಾಸ್ತರ ಹಣೆಗೆ ಚುಚ್ಚಿ ರಕ್ತ ಬಂತು, ಅವರು ಒರೆಸಿಕೊಳ್ಳಲೂ ಇಲ್ಲ. ಮೊಮ್ಮಗಳು ಹಿಟ್ಟಿನಲ್ಲಿ ಮಂಡಿಯೂರಿ, ಮುರಿದ ಜಾಗ ಹುಡುಕಿ ಎತ್ತಿ ಹಿಡಿದಳು. "ಹಿಯರ್, ಅಜ್ಜಾ! ಐ ಫರ್ಗಾಟ್ ದಿಸ್ ಫೋರ್ಸ್!"

"ಬಂತು ನೋಡ್ರಿ ಕತ್ತೆ ದಾರಿಗೆ!" ಎಂದು ಮಾಸ್ತರು ಮೊದಲ ಸಲ ನಕ್ಕರು.

ಮರುಪರೀಕ್ಷೆ ಬರೆದಳು. ಫಲಿತಾಂಶ ಬರುವ ಮೊದಲೇ, ಒಂದು ಬೆಳಗ್ಗೆ, ಮಾಸ್ತರ ಎದೆಬಡಿತ ನಿಂತಿತು...

ಇವತ್ತು ರಿಸಲ್ಟು ಬಂತು. ಪಾಸು! ನನ್ನ ಬಂಗಾರ ಪಾಸು! ಹುಡುಗಿ ಸ್ಪಗೆಟಿ ಬೇಕೆಂದಳು, ಬಡಿಸಿದೆ. ಸ್ಟೀಲಿನ ತಟ್ಟೆ ಬಡಿದೆ, ಕುಣಿದೆ, ಮೊಣಕಾಲು ನೋವು ಹಾಳಾಗಿ ಹೋಗಲಿ. ಇದರ ಅರ್ಧ ಗದ್ದಲಕ್ಕೇ ಮಾಸ್ತರು ಎರಡು ಮನೆಗಳ ನಡುಗೋಡೆಯನ್ನು ಆ ಕಡೆಯಿಂದ ದಬದಬ ಗುದ್ದುತ್ತಿದ್ದರು. ನಾನೇ ಹೋಗಿ ಈ ಕಡೆಯಿಂದ ಜೋರಾಗಿ ಗುದ್ದಿದೆ. "ಪಾಸಾದಳ್ರೀ ಮಾಸ್ತರ!"

ಯಾರೂ ಬಯ್ಯಲಿಲ್ಲ.