ಕಿಟಕಿಯ ಹೂವಿನ ಸೀರೆಗಾರ್ಡು

ನಮ್ಮ ಮನೆಯ ಪಡಸಾಲೆಯಲ್ಲಿ, ಹಳೆಯ ಗೋಣಿಚೀಲವೊಂದರ ಮೇಲೆ, ಬಹಳ ದಿನ ಒಂದು ಕಬ್ಬಿಣದ ಜಾಲರಿ ಬಿದ್ದಿತ್ತು. ಬಂದವರೆಲ್ಲ ಅದನ್ನು ಕಿಟಕಿಯಿಂದ ಬಿಚ್ಚಿದ ಗ್ರಿಲ್ಲಿನ ತುಂಡು ಎಂದುಕೊಂಡು ದಾಟಿ ಹೋಗುತ್ತಿದ್ದರು. ಅದು ಅವರ ತಪ್ಪಲ್ಲ. ಅದು ಹುಟ್ಟಿದ್ದೇ ಕಿಟಕಿಯ ಸರಳುಗಳಿಂದ. ನಡುವೆ ಒಂದು ಹೂವೂ ಇದೆ, ಶಿಕಾರಿಪುರದ ನಮ್ಮ ಬೀದಿಯ ಅರ್ಧ ಮನೆಗಳ ಕಿಟಕಿಗಳಲ್ಲಿ ಇಂದಿಗೂ ಬಾಡದೆ ನಿಂತಿರುವ ಅದೇ ಹೂವು. ಆದರೆ ಗೆಳೆಯರೇ, ಅದು ನನ್ನ ಹಳೆಯ ಮೋಟಾರ್ ಸೈಕಲ್ಲಿನ ಸೀರೆಗಾರ್ಡು. ಹಿಂದಿನ ಸೀಟಿನಲ್ಲಿ ಎರಡೂ ಕಾಲನ್ನು ಒಂದೇ ಬದಿಗೆ ಇಳಿಬಿಟ್ಟು ಕೂರುವ ಹೆಂಗಸರ ಸೆರಗು ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಳ್ಳದಿರಲೆಂದು ಅಡ್ಡ ಕಟ್ಟುವ ಬೇಲಿ. ಈ ಬೇಲಿ ಗಾಡಿಯ ಮೇಲಿರಬೇಕೋ ಬೇಡವೋ ಎಂಬುದೇ ಈ ವರ್ಷ ನನ್ನ ಬದುಕಿನ ದೊಡ್ಡ ಪ್ರಶ್ನೆಯಾಗಿತ್ತು ಎಂದರೆ ನೀವು ನಗಬಹುದು. ನಗಿ. ಆಮೇಲೆ ಕೇಳಿ.

ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಶಶಿಕಲಾಳನ್ನು ಅವಳ ತವರಾದ ಉಳವಿಗೆ ಇದೇ ಗಾಡಿಯಲ್ಲಿ ಕರೆದೊಯ್ಯುತ್ತಿದ್ದೆ. ಶಿರಾಳಕೊಪ್ಪ ದಾಟಿ ಸೊರಬದ ದಾರಿ ಹಿಡಿದಿದ್ದೆವು. ಹಿಂದಿನಿಂದ ಯಾರೋ ಜಗ್ಗಿದಂತಾಗಿ ಗಾಡಿ ನಿಂತಿತು. ತಿರುಗಿ ನೋಡಿದರೆ ಅವಳ ಹೊಸ ಸೀರೆಯ ಸೆರಗು ಚಕ್ರದೊಳಗೆ ಸುತ್ತಿಕೊಂಡಿತ್ತು. ನಾನು ಚಕ್ರವನ್ನು ಹಿಂದಕ್ಕೆ ತಿರುಗಿಸಿ ಬಟ್ಟೆ ಬಿಡಿಸಿದೆ. ಅವಳೋ ಹರಿದ ಅಂಚನ್ನು ಎತ್ತಿ ಹಿಡಿದು, "ನೋಡ್ರಿ, ನಿಮ್ಮ ಗಾಡಿಗೂ ಸೀರೆ ಬೇಕಂತೆ. ಇನ್ಮೇಲೆ ತರೋವಾಗ ಎರಡು ತರ್ರಿ" ಎಂದಳು.

ಊರಿಗೆ ಮರಳಿದವನೇ ವೆಲ್ಡಿಂಗ್ ಅಂಗಡಿಗೆ ಹೋದೆ. ಆತ ಯಾರದೋ ಹೊಸ ಮನೆಗೆ ಕಿಟಕಿ ಮಾಡುತ್ತಿದ್ದ. ಮಿಕ್ಕ ಸರಳುಗಳನ್ನೇ ಬಗ್ಗಿಸಿ ಜಾಲರಿ ಮಾಡಿ, ಕೆಳಗೆ ಕಾಲಿಡಲು ಒಂದು ಪಟ್ಟಿ ಬೆಸೆದು, ನಾನು ಕೇಳದಿದ್ದರೂ ನಡುವೆ ಆ ಹೂವನ್ನು ಕೂರಿಸಿದ. ಯಾಕಪ್ಪ ಎಂದರೆ, "ಅಕ್ಕಾರು ಕೂರೋ ಜಾಗ, ಒಂದು ಹೂ ಇರ್ಲಿ ಬಿಡ್ರಿ" ಎಂದ. ಅಂದಿನಿಂದ ಉಳವಿಯ ಬಸ್ ಸ್ಟ್ಯಾಂಡಿನಲ್ಲಿ ಕೂರುವವರ ಬಾಯಲ್ಲಿ ನಮ್ಮದು 'ಕಿಟಕಿ ಗಾಡಿ' ಆಯಿತು.

ಶಶಿಕಲಾ ತೀರಿಕೊಂಡು ಎರಡು ವರ್ಷವಾಯಿತು. ಕಾಯಿಲೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಅಷ್ಟು ಮರ್ಯಾದೆ ಕೊಡಲು ನನಗೆ ಮನಸ್ಸಿಲ್ಲ. ಮಕ್ಕಳಿಲ್ಲದ ಮನೆ ನಮ್ಮದು. ಒಂದು ಕಿರಾಣಿ ಅಂಗಡಿ, ಒಂದು ಪಡಸಾಲೆ, ತಾಡಪಾಲಿನಡಿಯಲ್ಲಿ ವರ್ಷಗಟ್ಟಲೆ ನಿಂತೇ ಇದ್ದ ಒಂದು ಗಾಡಿ. ಬಂದುಹೋಗುವವರು ಒಂದೇ ಮಾತು ಹೇಳುತ್ತಿದ್ದರು: "ಆಗಿದ್ದು ಆಯ್ತು, ಮೊದಲಿನ ಹಂಗೆ ಆಗಪ್ಪ." ಸಕ್ಕರೆ ಕಟ್ಟಿಸಿಕೊಳ್ಳಲು ಬಂದವರೂ ಚಿಲ್ಲರೆಯ ಜೊತೆಗೆ ಈ ಮಾತನ್ನೂ ಕೊಟ್ಟು ಹೋಗುತ್ತಿದ್ದರು. ಮೊದಲು ಎಂದರೆ ಯಾವ ಮೊದಲು? ಅವಳು ಬರುವುದಕ್ಕೆ ಮೊದಲೇ? ಆಗ ನಾನು ಚಹಾಕ್ಕೆ ಎಷ್ಟು ಸಕ್ಕರೆ ಬೇಕೆಂದು ತಿಳಿಯದ, ಯಾರಾದರೂ ತಮಾಷೆ ಮಾಡಿದರೆ ಮುಖ ಗಂಟಿಕ್ಕುವ ಹುಡುಗ. ಅವನಾಗಲು ನನಗೆ ಇಷ್ಟವಿಲ್ಲ.

ಮೊದಲಿನಂತೆ ಆಗಬೇಕಾದದ್ದು ಯಾವುದಾದರೂ ಇದ್ದರೆ ಅದು ಗಾಡಿ ಎಂದುಕೊಂಡು ಒಂದು ದಿನ ತಾಡಪಾಲು ಎಳೆದೆ. ಎಂಜಿನ್ನಿನೊಳಗೆ ಪಿಸ್ಟನ್ ಕಚ್ಚಿಕೊಂಡು ಅಲುಗದೆ ಕೂತಿತ್ತು. ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಸೀಮೆಎಣ್ಣೆ ಸುರಿದು, ಅದು ತಾನಾಗಿ ಸಡಿಲುವ ತನಕ ಕಾಯಬೇಕು. ಬಲ ಹಾಕಿದರೆ ಮುರಿಯುತ್ತದೆ. ಕಾರ್ಬುರೇಟರಿನ ಸಣ್ಣ ಸಣ್ಣ ಭಾಗಗಳನ್ನು ಬಣ್ಣದ ಖಾಲಿ ಡಬ್ಬದಲ್ಲಿ ನೆನೆಹಾಕಿದೆ. ಅಡುಗೆಮನೆಯ ಪಾತ್ರೆ ತಂದರೆ ಈಗ ಬೈಯುವವರಿಲ್ಲ. ಬೈಯುವವರಿಲ್ಲ ಎಂಬ ಕಾರಣಕ್ಕೇ ತರಲಿಲ್ಲ.

ಶಶಿಕಲಾಳ ತಮ್ಮ ಮಂಜಪ್ಪ ಭಾನುವಾರ ಭಾನುವಾರ ಉಳವಿಯಿಂದ ತನ್ನ ಗಾಡಿಯಲ್ಲಿ ಬಂದು ಕೈಜೋಡಿಸಿದ. ಗದ್ದೆ ಮಾಡುವವನು, ಆದರೆ ಹಳೆಯ ಗಾಡಿಗಳೆಂದರೆ ಅವನಿಗೆ ಪ್ರಾಣ. ಹ್ಯಾಂಡಲ್ಲಿನ ರಬ್ಬರಿನಿಂದ ಹಿಡಿದು ಟ್ಯಾಂಕಿನ ಗೆರೆಯ ತನಕ ಎಲ್ಲವೂ ಒರಿಜಿನಲ್ ಆಗಿರಬೇಕು ಅವನಿಗೆ. ಎಲ್ಲ ಸರಿಯಾಗುತ್ತ ಬಂದಾಗ ಅವನ ಕಣ್ಣು ಸೀರೆಗಾರ್ಡಿನ ಮೇಲೆ ಬಿತ್ತು.

"ಭಾವ, ಇದೊಂದು ಬಿಟ್ಟುಬಿಡಾಣ. ಕಂಪನೀದಲ್ಲ ಇದು. ಹಾಕಿದ್ರೆ ಗ್ರಿಲ್ ಅಂಗಡಿಗೆ ಚಕ್ರ ಹಚ್ಚಿದಂಗೆ ಕಾಣ್ತೈತೆ."

"ಕಾಣ್ಲಿ ಬಿಡೋ."

"ಅಲ್ರಿ, ಹಿಂದ್ಗಡೆ ಕೂರೋರಾದ್ರೂ ಯಾರಿದಾರೆ ಈಗ?" ಎಂದವನು ತಟ್ಟನೆ ನಾಲಿಗೆ ಕಚ್ಚಿಕೊಂಡ. ಸ್ಪ್ಯಾನರ್ ಒರೆಸಿದ. ಆಮೇಲೆ ನಿಜವಾದ ಮಾತು ಹೊರಬಿತ್ತು. "ಇದನ್ನ ಹಾಕ್ಕೊಂಡು ನಮ್ಮನೆ ಕಡೆ ಬರಬೇಡ್ರಿ ಭಾವ. ಸದ್ದು ಕೇಳಿದ್ರೆ ಅವ್ವ ಹೊರಗೆ ಬರ್ತಾಳೆ. ಕಿಟಕಿ ಐತೆ, ಅದರ ಮೇಲೆ ಅಕ್ಕ ಇಲ್ಲ ಅಂದ್ರೆ ಅವಳು ತಡ್ಕಳಲ್ಲ."

ಅವನು ಹೋದ ಮೇಲೆ ಗಾರ್ಡು ಗೋಣಿಚೀಲದ ಮೇಲೆಯೇ ಉಳಿಯಿತು. ಅವನ ಮಾತು ಸುಳ್ಳಾಗಿದ್ದರೆ ಅಂದೇ ತಿರುಗಿಸಿ ಕೂರಿಸಿಬಿಡುತ್ತಿದ್ದೆ. ಆದರೆ ನನ್ನ ಹಟಕ್ಕಾಗಿ ಒಬ್ಬ ತಾಯಿಯ ಎದೆಗೆ ಕೈ ಹಾಕುವ ಹಕ್ಕು ನನಗೆಲ್ಲಿಂದ ಬಂತು? ಹೆಂಡತಿ ಹೋದ ಮೇಲೆ ಅಳಿಯ ಎಂಬವನು ಆ ಮನೆಗೆ ಏನಾಗಬೇಕು ಎಂಬುದೇ ನನಗೆ ತಿಳಿಯದೆ, ಎರಡು ವರ್ಷದಿಂದ ಉಳವಿಗೆ ಕಾಲಿಟ್ಟಿರಲಿಲ್ಲ.

ನಿರ್ಧಾರಕ್ಕೆ ದಾರಿ ತೋರಿಸಿದ್ದು ಹಿಂದಿನ ಚಕ್ರ. ಗ್ರೀಸ್ ತುಂಬಲು ಅದನ್ನು ಬಿಚ್ಚಿದಾಗ ನಡುವಿನ ಅಚ್ಚಿನ ಸುತ್ತ ದಾರದ ಒಂದು ಸುತ್ತು ಸಿಕ್ಕಿತು, ಯಾವ ಸೀರೆಯದೋ, ಎಣ್ಣೆ ಕುಡಿದು ಕಪ್ಪಾಗಿತ್ತು. ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತೆ. ಬೇರೆಯವರಾಗಿದ್ದರೆ ಎತ್ತಿಡುತ್ತಿದ್ದರೇನೋ. ನಾನು ಎತ್ತಿಡಲಿಲ್ಲ, ಚಕ್ರವನ್ನು ಕಚ್ಚಿ ಹಿಡಿಯುವ ದಾರ ಅದು, ಒಲೆಗೆ ಹಾಕಿದೆ. ಹಾಕಿದ ಮೇಲೆ ಹೊಳೆಯಿತು, ಗಾರ್ಡು ಈ ದಾರದ ಹಾಗಲ್ಲ. ಅದನ್ನು ಮಾಡಿಸಿದ್ದೇ ಚಕ್ರ ಅಡ್ಡಿಯಿಲ್ಲದೆ ತಿರುಗಲಿ, ಹಿಂದೆ ಕೂತವರು ನೆಮ್ಮದಿಯಿಂದ ಕೂರಲಿ ಎಂದು. ನೆನಪುಗಳಲ್ಲೂ ಈ ಎರಡು ಜಾತಿ ಇವೆ. ಒಂದನ್ನು ಕಿತ್ತು ಸುಡಲು ನಾನು ಹಿಂಜರಿಯುವುದಿಲ್ಲ. ಇನ್ನೊಂದನ್ನು ತೆಗೆ ಎಂದು ಯಾರು ಹೇಳಿದರೂ ಕೇಳುವುದಿಲ್ಲ. ಕಾರ್ಖಾನೆಯಿಂದ ಹೊರಬಂದ ದಿನ ಗಾಡಿ ಹೇಗಿತ್ತೋ ಅದಷ್ಟೇ ಒರಿಜಿನಲ್ ಎಂದಾದರೆ, ನಾವು ಅದರ ಮೇಲೆ ಕೂತು ಬಾಳಿದ್ದೆಲ್ಲ ನಕಲಿಯೇ? ಅವಳಿಲ್ಲದ ಮೊದಲು ನನಗೆ ಬೇಡ, ಗಾಡಿಗೂ ಬೇಡ. ಅಂದು ಸಂಜೆಯೇ ಗಾರ್ಡು ತನ್ನ ಜಾಗಕ್ಕೆ ಹೋಯಿತು. ಬೋಲ್ಟುಗಳನ್ನು ಬೇಕಾದ್ದಕ್ಕಿಂತ ಒಂದು ಸುತ್ತು ಹೆಚ್ಚೇ ಬಿಗಿದೆ.

ನನ್ನ ಗಾಡಿಯಲ್ಲಿ ಒದ್ದು ಎಬ್ಬಿಸುವ ಕಿಕ್ಕರೇ ಎಬ್ಬಿಸಿದ ಮೇಲೆ ಮುಂದಕ್ಕೆ ಮಡಚಿಕೊಂಡು ಗೇರು ಹಾಕುವ ಪೆಡಲೂ ಆಗುತ್ತದೆ. ನಾಲ್ಕು ದಿನ ಒದ್ದೆ, ಕೆಮ್ಮಿತು. ಐದನೆಯ ದಿನ ಬೀದಿ ತುಂಬ ಹೊಗೆ ಕಾರಿ, ಹಳೆಯ ದನಿಯಲ್ಲೇ ಕೂಗಿತು. ಎದುರುಮನೆಯವರು ಕಿಟಕಿ ಮುಚ್ಚಿಕೊಂಡರು. ಅವರ ಕಿಟಕಿಯ ಹೂವೂ ನನ್ನ ಗಾಡಿಯ ಹೂವೂ ಒಂದನ್ನೊಂದು ನೋಡಿಕೊಂಡವು. ಮಂಜಪ್ಪನಿಗೆ ಫೋನ್ ಮಾಡದೆ ಉಳವಿಯ ದಾರಿ ಹಿಡಿದೆ.

ಊರ ತಿರುವಿನಲ್ಲಿ ವೇಗ ತಗ್ಗಿಸಿದೆ. ಅಲ್ಲಿಗೆ ಬಂದಾಗ ಸದ್ದು ಮನೆಗೆ ಕೇಳುತ್ತದೆ. ಹಿಂದೆಲ್ಲ ಆ ಸದ್ದಿಗೇ ಅತ್ತೆ ಒಲೆಯ ಮೇಲೆ ಅನ್ನಕ್ಕೆ ಎಸರಿಡುತ್ತಿದ್ದರು. ಎಂಜಿನ್ ಆರಿಸಿ ತಳ್ಳಿಕೊಂಡು ಹೋಗೋಣವೆನಿಸಿತು. ಕಳ್ಳನ ಹಾಗೆ ಯಾಕೆ ಹೋಗಲಿ ಎಂದು ಇನ್ನಷ್ಟು ಜೋರು ಮಾಡಿದೆ.

ಅತ್ತೆ ಹೊರಗೆ ನಿಂತಿದ್ದರು. ಹಿಂದೆ ಮಂಜಪ್ಪ, ಮುಖ ಕೆಂಪಗೆ. ಅತ್ತೆ ನನ್ನನ್ನು ನೋಡಲಿಲ್ಲ, ಖಾಲಿ ಸೀಟನ್ನು ನೋಡಿದರು. ಆಮೇಲೆ ಬಗ್ಗಿ, ಸೆರಗಿನ ತುದಿಯಿಂದ ಹೂವಿನ ಸಂದಿಯ ಧೂಳು ಒರೆಸಿದರು. ಕಣ್ಣು ತುಂಬಿದ್ದವು, ಬಾಯಿ ಮಾತ್ರ ಎಂದಿನಂತೆ ಗಟ್ಟಿಯಾಗಿತ್ತು.

"ಎರಡು ವರ್ಷ ಬೇಕಾಯ್ತೇನ್ರಿ ಅಳಿಯಂದ್ರೆ, ಶಿಕಾರಿಪುರದಿಂದ ಇಲ್ಲಿಗೆ ಬರಕ್ಕೆ?"

ಅವರು ಒಳಹೋಗಿ ಅಕ್ಕಿಯ ಚೀಲ ತಂದರು. "ಗಿರಣಿಗೆ ಹೋಗಬೇಕಿತ್ತು. ನಾಳೆ ನಾಳೆ ಅಂತ ಇವನು ದಿನ ದೂಡ್ತಾ ಇದಾನೆ. ಗಾಡಿ ತಿರುಗಿಸ್ರಿ, ರೊಟ್ಟಿಗೆ ಹಿಟ್ಟು ಮಾಡಿಸ್ಕಂಡು ಬರಾಣ."

"ಅವ್ವ, ಹುಚ್ಚೇನೆ ನಿಂಗೆ? ಬಿದ್ಗಿದ್ದೀಯ!" ಎಂದ ಮಂಜಪ್ಪ.

"ನಿನ್ನ ಗಾಡೀಲಿ ಕೂತ್ರೆ ಬೀಳ್ತೀನಿ, ಕಾಲಿಡಕ್ಕೆ ಜಾಗ ಇಲ್ಲ ಅದರಲ್ಲಿ. ಇದರ ಮೇಲಿಂದ ನಿಮ್ಮಕ್ಕ ಯಾವತ್ತಾದ್ರೂ ಬಿದ್ದಿದ್ಲೇನೋ?"

ಮಂಜಪ್ಪ ಮುಂದೆ ಬಂದು, ಅವ್ವನ ತೋಳು ಹಿಡಿದು ಕೂರಿಸಿದ. ಅವರ ಕಾಲನ್ನು ತಾನೇ ಎತ್ತಿ ಪಟ್ಟಿಯ ಮೇಲಿಟ್ಟ. ಶಶಿಕಲಾಳ ಚಪ್ಪಲಿ ಸವೆಸಿದ ಪಟ್ಟಿ ಅದು. ಗಾಡಿಯಲ್ಲಿ ಬಣ್ಣ ಹೊಡೆಯದೆ ಬಿಟ್ಟ ಜಾಗ ಅದೊಂದೇ.

ಗೇರು ಹಾಕುವ ಮುಂಚೆ ತಿರುಗಿ ನೋಡಿದೆ. ಅತ್ತೆ ಒಂದು ಕೈಯಲ್ಲಿ ಅಕ್ಕಿಚೀಲ ಹಿಡಿದು, ಇನ್ನೊಂದರಲ್ಲಿ ಸೆರಗನ್ನು ಎಳೆದೆಳೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು.

"ಬಿಡ್ರಿ ಅತ್ತೆ," ಎಂದೆ. "ಸೆರಗು ಬಿಡ್ರಿ, ಹಾರಾಡ್ಲಿ. ಗಾರ್ಡ್ ಐತೆ."

ಬಿಟ್ಟರು. ಗಿರಣಿಯ ತನಕವೂ ಸೆರಗು ಆ ಕಬ್ಬಿಣದ ಹೂವಿಗೆ ಪಟಪಟನೆ ಬಡಿಯುತ್ತಲೇ ಇತ್ತು. ಒಳಗಿನ ಚಕ್ರ ತನ್ನ ಪಾಡಿಗೆ ತಾನು ತಿರುಗುತ್ತಿತ್ತು.