ಪ್ರಾರ್ಥನೆಯ ಕುಂಡ

ಆ ಶಾಲೆಯಲ್ಲಿ ಮಕ್ಕಳು ವಿಜ್ಞಾನದ ಟೀಚರನ್ನು ಬೀಜದ ಟೀಚರ್ ಅಂತಲೇ ಕರೆಯುತ್ತಿದ್ದರು. ಕರವಸ್ತ್ರಕ್ಕೆಂದು ಪರ್ಸಿಗೆ ಕೈ ಹಾಕಿದರೂ ನಾಲ್ಕು ಕಾಳು ಉದುರುತ್ತಿದ್ದವು, ಇನ್ನೇನಂತ ಕರೆಯಬೇಕು? ಅದು ಕ್ರೈಸ್ತ ಶಾಲೆ. ಯಾವ ಪಾಠವಾದರೂ ಎಲ್ಲೋ ಒಂದು ಕಡೆ ದೇವರ ವಾಕ್ಯವನ್ನು ಮುಟ್ಟಿ ಬರಬೇಕೆಂದು ಹೆಡ್ ಸಿಸ್ಟರ್ ಅವರ ಕಟ್ಟಪ್ಪಣೆ. ಲೆಕ್ಕದ ಮೇಷ್ಟ್ರು ಭಾಗಾಕಾರ ಬಂದಾಗಲೆಲ್ಲ ಯೇಸು ಸಾವಿರಾರು ಜನಕ್ಕೆ ಉಣಬಡಿಸಿದ ಅದೇ ಐದು ರೊಟ್ಟಿ ಹಂಚಿ ಕೈ ತೊಳೆದುಕೊಳ್ಳುತ್ತಿದ್ದರು. ಬೀಜದ ಟೀಚರಿಗೆ ಅಂಥ ತೇಪೆ ಕೆಲಸ ಒಗ್ಗದು. ಅವರಿಗೆ ದೇವರೂ ನಿಜ, ಬೇರೂ ನಿಜ.

ಹಾಗಾಗಿ ಕಿಟಕಿಯಲ್ಲಿ ಎರಡು ಕುಂಡ ಇಟ್ಟು ಹುರುಳಿಕಾಯಿ ಬೀಜ ಬಿತ್ತಿದರು. ಒಂದಕ್ಕೆ ತರಗತಿಯೆಲ್ಲ ದಿನಾ ಪ್ರಾರ್ಥಿಸಬೇಕು, ಇನ್ನೊಂದಕ್ಕೆ ಇಲ್ಲ. ಹೇಗೂ ಎರಡೂ ಒಂದೇ ಸಮ ಬೆಳೆಯುತ್ತವೆ, ದೇವರ ಬಿಸಿಲಿಗೆ ಭೇದಭಾವವಿಲ್ಲವೆಂದು ಆಗ ಹೇಳಬಹುದು ಅಂತ ಅವರ ಎಣಿಕೆ.

ಎಣಿಕೆ ತಲೆಕೆಳಗಾಯಿತು. ಒಂದು ಬೆಳಗ್ಗೆ ನೋಡಿದರೆ ಪ್ರಾರ್ಥನೆಯ ಗಿಡ ಹಳದಿಯಾಗಿ ಮಲಗಿದೆ, ಇನ್ನೊಂದು ನಳನಳಿಸುತ್ತಿದೆ. ಟೀಚರಿಗೆ ಚಿಂತೆ ಹತ್ತಿದ್ದು ಗಿಡದ್ದಲ್ಲ. ಮೊದಲ ಬೆಂಚಿನ ಹುಡುಗಿಯ ಅಪ್ಪ ಆಸ್ಪತ್ರೆಯಲ್ಲಿದ್ದರು. ಕುಂಡದ ಮುಂದೆ ಕೈಮುಗಿದಾಗಲೆಲ್ಲ ಆ ಮಗು ಅಪ್ಪನನ್ನೂ ಸೇರಿಸಿ ಬೇಡಿಕೊಳ್ಳುತ್ತಿತ್ತು.

"ಇನ್ನೂ ಬೆಲ್ ಆಗಿಲ್ಲ," ಎಂದರು ಪಕ್ಕದ ತರಗತಿಯ ಟೀಚರ್. "ನಿಮ್ಮ ಹತ್ರ ಇದೇ ಬೀಜದ್ದು ಇನ್ನೊಂದು ಸಸಿ ಎತ್ತಿಟ್ಟಿದ್ದೀರಲ್ಲ, ಸತ್ತಿದ್ದರ ಜಾಗಕ್ಕೆ ಬದಲಾಯಿಸಿಬಿಡಿ. ಮಗು ನಂಬಿಕೆ ಉಳಿದ್ರೆ ಸಾಕಲ್ವಾ?"

ಬೀಜದ ಟೀಚರ್ ಆ ಸಸಿಯನ್ನು ಕೈಗೆತ್ತಿಕೊಂಡಿದ್ದೂ ಹೌದು. ಮನಸ್ಸು ಒಪ್ಪದೆ ಕೆಳಗಿಟ್ಟರು.

ಮಕ್ಕಳು ಬಂದು ಕೂತ ಮೇಲೆ ಸತ್ತ ಗಿಡ ಕಿತ್ತು ಬೇರು ತೋರಿಸಿದರು. ಕೊಳೆತು ಕಪ್ಪಗಾಗಿತ್ತು. "ಇದಕ್ಕೆ ಕದ್ದು ನೀರು ಹಾಕಿದ್ದು ಯಾರು?" ಒಂದು ಕೈ ಎದ್ದಿತು. ಆಮೇಲೆ ಹೆಚ್ಚುಕಡಿಮೆ ಎಲ್ಲರದೂ ಎದ್ದಿತು. ತಾವು ಪ್ರಾರ್ಥಿಸಿದ ಗಿಡವಲ್ಲವೇ, ಪ್ರೀತಿ ಉಕ್ಕಿ ಒಬ್ಬರಿಗೊಬ್ಬರು ಹೇಳದೆ ಬಾಟಲಿ ಬಗ್ಗಿಸಿದ್ದರು. ತರಗತಿ ಗೊಳ್ಳೆಂದು ನಕ್ಕಿತು. ಆ ಹುಡುಗಿ ನಗಲಿಲ್ಲ.

"ಅಷ್ಟು ಬೇಡ್ಕೊಂಡ್ರೂ ದೇವರು ಯಾಕೆ ಉಳಿಸ್ಲಿಲ್ಲ ಟೀಚರ್? ಹಾಗಾದ್ರೆ ನಮ್ಮಪ್ಪ?"

ಟೀಚರ್ ಕೈಯಲ್ಲಿದ್ದ ಗಿಡವನ್ನು ಕೆಳಗಿಟ್ಟರು. "ಈ ಪರೀಕ್ಷೆ ಇಟ್ಟಿದ್ದೇ ನನ್ನ ತಪ್ಪು ಮಗೂ. ದೇವರನ್ನ ಕುಂಡದಲ್ಲಿಟ್ಟು ನೋಡೋಕಾಗಲ್ಲ. ಅಪ್ಪಂಗೆ ವಾಸಿಯಾಗುತ್ತೋ ಇಲ್ವೋ ನನಗೂ ಗೊತ್ತಿಲ್ಲ."

"ಗೊತ್ತಿಲ್ದೆ ಪ್ರಾರ್ಥನೆ ಮಾಡೋದು ಹೇಗೆ?"

"ನಾನು ಯಾವಾಗ್ಲೂ ಹಾಗೇ ಮಾಡೋದು. ಸಂಜೆ ಆಸ್ಪತ್ರೆಗೆ ಬರ್ತೀನಿ, ಇಬ್ರೂ ಮಾಡೋಣ."

ಮಾತಿಗೆ ತಪ್ಪದೆ ದಿನಾ ಸಂಜೆ ಹೋದರು. ಅಪ್ಪ ಉಳಿಯಲಿಲ್ಲ. ಸಮಾಧಿಯ ಹತ್ತಿರ ಟೀಚರ್ ಕೈ ಹಿಡಿಯಹೋದರೆ ಹುಡುಗಿ ಬಿಡಿಸಿಕೊಂಡಳು. ತಾನು ನಿಜ ಹೇಳಿ ಈ ಕೂಸನ್ನು ಕಳೆದುಕೊಂಡೆನೇನೋ ಎಂದು ಟೀಚರ್ ಒಳಗೊಳಗೇ ಬೆಂದುಹೋದರು.

ಹುಡುಗಿ ಮತ್ತೆ ಶಾಲೆಗೆ ಬಂದ ದಿನ ಪ್ರಾರ್ಥನೆ ಮುಗಿಯುವ ತನಕ ಕಣ್ಣು ಬಿಟ್ಟುಕೊಂಡೇ ನಿಂತಿದ್ದಳು. ಆಮೇಲೆ ಮೇಜಿನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಎಲ್ಲಾರೂ ವಾಸಿಯಾಗುತ್ತೆ, ವಾಸಿಯಾಗುತ್ತೆ ಅಂತಿದ್ರು ಟೀಚರ್. ನೀವೂ ಹಾಗೇ ಅಂದಿದ್ರೆ ನಾನು ಇವತ್ತು ಬರ್ತಾನೇ ಇರ್ಲಿಲ್ಲ."