ಅರ್ಧಿಂಚು ಮಾಸ್ತರ

ಮೂವತ್ತು ವರ್ಷ ಬಟ್ಟೆ ಕತ್ತರಿಸಿದ ಮನುಷ್ಯನಿಗೆ ಬೀದಿಯವರು ಕೊಟ್ಟ ಬಿರುದು ಅರ್ಧಿಂಚು ಮಾಸ್ತರ. ಯಾರ ಅಂಗಿಯೇ ಇರಲಿ, ಬೇರೆ ದರ್ಜಿಗಳು ಹೊಲಿಗೆಯೊಳಗೆ ಬಿಡುವುದಕ್ಕಿಂತ ಅರ್ಧ ಇಂಚು ಹೆಚ್ಚು ಬಟ್ಟೆ ಬಿಟ್ಟೇ ಕತ್ತರಿ ಹಾಕುತ್ತಿದ್ದ. "ಮೈ ಅಂದ್ಮೇಲೆ ಬೆಳೆಯುತ್ತೆ ಕಣ್ರೀ, ಮುಂದಿನ ವರ್ಷ ಬಿಚ್ಚಿ ಸಡಿಲ ಮಾಡಿಕೊಡ್ತೀನಿ" ಎನ್ನುವನು. ಅಂಗಿ ಬೇಗ ಹರಿಯಲಿ ಎಂದು ಕಾಯುವ ದರ್ಜಿಗಳ ನಡುವೆ ಇಂಥವನೊಬ್ಬ! "ನಿಮ್ಮ ಗಿರಾಕಿಗಳೆಲ್ಲ ದಪ್ಪ ಆದ್ರು, ನಾವು ಮಾತ್ರ ಹಾಗೇ ಇದ್ದೀವಿ" ಎಂದು ಹೆಂಡತಿ ಕಾಲೆಳೆಯುತ್ತಿದ್ದಳು.

ಕಸುಬು ಕಲಿಸಿದ್ದು ಸೋದರಮಾವ. ತಂದೆತಾಯಿ ಇಲ್ಲದ ಅಳಿಯನನ್ನು ತಂದು ಸಾಕಿದ ಪುಣ್ಯಾತ್ಮ ಎಂದು ಊರು ಹೊಗಳಿತು. ಊರಿಗೇನು ಗೊತ್ತು? ಕತ್ತರಿ ಗೆರೆಯಿಂದ ಒಂದು ನೂಲು ಆಚೀಚೆ ಹೋದರೆ ಸಾಕು, "ಕೈ ಚಾಚು" ಎನ್ನುವನು. ಕಬ್ಬಿಣದ ಸ್ಕೇಲನ್ನು ಅಂಚಿನ ಮೇಲೆ ಹಿಡಿದು ಬೆರಳಿಗೆ ಬಾರಿಸುವನು. ದಂಡಂ ದಶಗುಣಂ ಎನ್ನುವುದು ಬಿಟ್ಟರೆ ಆ ಮನುಷ್ಯನಿಗೆ ಬೇರೆ ಪಾಠವೇ ಬರುತ್ತಿರಲಿಲ್ಲ. ಹದಿನಾಲ್ಕು ವರ್ಷ ಹೀಗೇ ನಡೆಯಿತು. ಅರ್ಧಿಂಚು ಮಾಸ್ತರನ ಎಡಗೈಯ ಉಂಗುರಬೆರಳು ಇವತ್ತಿಗೂ ಸೊಟ್ಟ.

ಮಗಳು ಹುಟ್ಟಿದ ದಿನ ಅವನು ಹೆಂಡತಿಯ ಮುಂದೆ ಆಣೆ ಮಾಡಿದ್ದ, ಈ ಕೂಸಿನ ಮೇಲೆ ನನ್ನ ಕೈ ಏಳುವುದಿಲ್ಲ ಎಂದು. ಹತ್ತೊಂಬತ್ತು ವರ್ಷ ಏಳಲಿಲ್ಲ. ಬದುಕಿನಲ್ಲಿ ಅವನು ಎದೆಯುಬ್ಬಿಸಿ ಹೇಳಿಕೊಳ್ಳಬಹುದಾದದ್ದು ಅದೊಂದೇ, ಪಾಪ.

ಮಾವ ಸತ್ತ. ಮಕ್ಕಳಿರಲಿಲ್ಲ, ಅಂಗಡಿ, ಉದ್ದನೆಯ ಮೇಜು, ಕತ್ತರಿ, ಸ್ಕೇಲು ಎಲ್ಲ ಅಳಿಯನ ಪಾಲಿಗೆ ಬಂದವು. ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ಮಗಳಿಗೆ ಕಟಿಂಗ್ ಕಲಿಯುವ ಹುಚ್ಚು ಬೇರೆ. ಮನೆಯ ಜಗಲಿಯಲ್ಲಿ ಇಕ್ಕಟ್ಟಿನಲ್ಲಿ ಹೊಲಿಯುತ್ತಿದ್ದ ಅಪ್ಪ ಮಗಳು ಅಂಗಡಿಗೆ ಬಂದರು.

ಮೊದಲು ಕೆಟ್ಟದ್ದು ಅಂಚೆಯವನ ಅಂಗಿ. ಎಂದಿನಂತೆ ಗೆರೆಯಿಂದ ಅರ್ಧ ಇಂಚು ಆಚೆಗೆ ಕತ್ತರಿ ಇಡಲು ಹೋದ. ಕೈ ಗೆರೆಯ ಮೇಲೆಯೇ ಇಟ್ಟಿತು. ನಿಲ್ಲಿಸಬೇಕೆಂದುಕೊಂಡ. ಕೈ ನಿಲ್ಲಲಿಲ್ಲ, ಕರಕರನೆ ಕತ್ತರಿಸುತ್ತ ಹೋಯಿತು. ಅವನು ಯಾರದೋ ಕೆಲಸ ನೋಡುವವನ ಹಾಗೆ ನೋಡುತ್ತ ನಿಂತಿದ್ದ.

"ಯಾಕಪ್ಪಾ, ಅರ್ಧಿಂಚು ಬಿಡಲೇ ಇಲ್ಲ?" ಮಗಳು ಕೇಳಿದಳು.

ಏನೋ ಆಯಿತಮ್ಮ ಎನ್ನಬೇಕೆಂದು ಬಾಯಿ ತೆರೆದ. "ಬಟ್ಟೆ ಏನು ನಿನ್ನಪ್ಪನ ಮನೆ ಗಂಟಾ?" ಎಂದು ಬಂತು.

ಅವಳು ನಕ್ಕುಬಿಟ್ಟಳು. "ನನ್ನಪ್ಪ ನೀನೇ ಅಲ್ವೇನಪ್ಪಾ!"

ಅವನಿಗೆ ನಗು ಬರಲಿಲ್ಲ. ಅದು ಮಾವನ ಮಾತು. ಅಪ್ಪನಿಲ್ಲದ ಹುಡುಗನಿಗೆ ದಿನಕ್ಕೆ ಹತ್ತು ಸಲ ಅಂದ ಮಾತು. ದನಿಯೂ ಅದೇ, ಮೂಗಿನಿಂದ ಎಳೆದಂಥದು. ಹಿತ್ತಲಿಗೆ ಹೋಗಿ ಬಾಯಿ ತೊಳೆದುಕೊಂಡ.

ಡಾಕ್ಟರು ಮೊಣಕಾಲಿಗೆ, ಮೊಣಕೈಗೆ ತಟ್ಟಿ ನೋಡಿ, ನರಗಳೆಲ್ಲ ಸರಿಯಾಗಿವೆ, ನಿದ್ದೆ ಮಾಡಿ ಅಂದರು. ಹೆಂಡತಿಗೆ ಹೇಳಿದ, "ನನ್ನೊಳಗೆ ಮಾವ ಕೂತಿದ್ದಾನೆ ಕಣೇ."

"ಬದುಕಿದ್ದಾಗ ಅನುಭವಿಸಿದ್ದು ಸಾಲದಾ? ಸತ್ತ ಮೇಲೂ ಅವರನ್ನ ಸಾಕಬೇಕಾ? ಸುಮ್ನೆ ಮಲಗ್ರಿ" ಅಂದಳು. ಅವಳಾದರೂ ಏನು ಮಾಡಿಯಾಳು.

ಆಮೇಲೆ ಅವನ ಹಳೆಯ ಅಂಗಿಯೊಂದು ಹೆಗಲಲ್ಲಿ ಜೋತುಬಿತ್ತು. ಮಗಳು ಟೇಪು ಹಿಡಿದು ಅಳೆದಳು. ಬಲಹೆಗಲು ಎಡಹೆಗಲಿಗಿಂತ ಒಂದೂಕಾಲು ಇಂಚು ಕೆಳಗಿತ್ತು. "ಬಗ್ಗಿ ಬಗ್ಗಿ ಹೀಗಾಗಿದೆ ಬಿಡಪ್ಪ" ಎಂದು ಬೆನ್ನು ತಟ್ಟಿದಳು. ಒಂದೂಕಾಲು ಇಂಚು! ಮಾವನ ಕೋಟುಗಳನ್ನೆಲ್ಲ ಹೊಲಿದವನು ಇವನೇ. ಮಾವನ ಬಲಹೆಗಲೂ ಅಷ್ಟೇ ಇಳಿದಿತ್ತು. ಆ ಸಂಜೆಯೇ ಕಬ್ಬಿಣದ ಸ್ಕೇಲನ್ನು ಒಯ್ದು ಮೋರಿಗೆ ಎಸೆದು ಬಂದ. ಹೊಡೆಯುವ ವಸ್ತುವೇ ಇಲ್ಲದಿದ್ದರೆ ಹೇಗೆ ಹೊಡೆದಾನು ಎಂಬ ಲೆಕ್ಕಾಚಾರ. ಎಂಥ ಹುಚ್ಚಪ್ಪ ನೋಡಿ.

ಹದಿನೈದು ದಿನ ಸುಖವಾಗಿ ಕಳೆದವು. ಮಾವ ತೊಲಗಿದ ಎಂದು ಅವನು ನಂಬಿಬಿಟ್ಟ.

ಒಂದು ಮಧ್ಯಾಹ್ನ ಮಗಳು ಯಾರ ಸಹಾಯವೂ ಇಲ್ಲದೆ ಮೊದಲ ಕೋಟು ಕತ್ತರಿಸಿದಳು. "ಅಪ್ಪಾ, ಬಂದು ನೋಡು" ಎಂದಳು. ಮೇಜಿನ ಮೇಲೆ ಬಟ್ಟೆ ಹರಡಿತ್ತು. ಗೆರೆ ನೇರ, ತಿರುವು ನಯ, ಸುತ್ತಲೂ ಅವನು ಹೇಳಿಕೊಟ್ಟ ಹಾಗೆಯೇ ಅರ್ಧ ಇಂಚು ಹೆಚ್ಚು. ಅವನ ಕಣ್ಣು ತುಂಬಿ ಬಂತು. ಭೇಷ್ ಮಗಳೇ, ನನ್ನನ್ನೇ ಮೀರಿಸಿದೆ ಎನ್ನಬೇಕೆಂದು ಹತ್ತಿರ ಹೋದ.

"ಕೈ ಚಾಚು" ಅಂದಿತು ಬಾಯಿ.

ಎಂದೂ ಏಟು ತಿನ್ನದ ಮಗು ಅದು. ಅಪ್ಪ ಏನೋ ಕೊಡುತ್ತಾನೆಂದು ನಗುತ್ತ ಎರಡೂ ಕೈ ಚಾಚಿದಳು.

ಸ್ಕೇಲಿರಲಿಲ್ಲ. ಕೈ ಮೇಜಿನ ಮೇಲಿದ್ದ ದೊಡ್ಡ ಕತ್ತರಿ ಎತ್ತಿಕೊಂಡಿತು. ಮುಚ್ಚಿದ ಕತ್ತರಿಯ ಬೆನ್ನು ಬೆರಳುಗಳ ಮೇಲೆ ಬಿತ್ತು, ಇನ್ನೊಮ್ಮೆ ಬಿತ್ತು. ಎರಡು ಬೆರಳು ಮುರಿದವು. ಅವಳು ಉಸಿರು ಒಳಗೆಳೆದುಕೊಂಡು ಅಪ್ಪನ ಮುಖವನ್ನೇ ನೋಡಿದಳು.

ಬಾಯಿಬಿಟ್ಟು ಹೇಳಬಾರದ ಸಂಗತಿಯೊಂದಿದೆ, ಹೇಳದೆ ವಿಧಿಯಿಲ್ಲ. ಹೊಡೆದ ಕೈಯಲ್ಲಿ ಆ ಗಳಿಗೆ ಒಂದು ಸುಖ ಹರಿದಿತ್ತು, ಹಸಿದವನ ಹೊಟ್ಟೆಗೆ ಅನ್ನ ಬಿದ್ದಂಥ ಸುಖ. ಅದು ಮಾವನದೋ ತನ್ನದೋ ಅವನಿಗೆ ತಿಳಿಯಲಿಲ್ಲ. ಅವನನ್ನು ಜೀವಂತ ತಿಂದದ್ದು ಅದೇ.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ಪಟ್ಟಿ ಕಟ್ಟಿದ ಕೈಯಲ್ಲೇ ಅಂಗಡಿಗೆ ಬಂದಳು. ತನ್ನ ಟೇಪು, ಸೀಮೆಸುಣ್ಣದ ಡಬ್ಬಿ ಚೀಲಕ್ಕೆ ಹಾಕಿಕೊಂಡಳು. ಬೇರೆ ಊರಿನ ಗಾರ್ಮೆಂಟ್ಸ್‌ನಲ್ಲಿ ಚಿಕ್ಕಮ್ಮ ಕೆಲಸ ನೋಡಿದ್ದಳಂತೆ. ಬಾಗಿಲಲ್ಲಿ ನಿಂತು ತಿರುಗಿದಳು.

"ಅಪ್ಪಾ, ಅದು ನೀನಲ್ಲ ಅಂತ ಅಮ್ಮನ ಹತ್ರ ಕಣ್ಣೀರಿಟ್ಟೆಯಂತೆ. ನಂಬ್ತೀನಿ. ಆದ್ರೆ ಈಗ ನೀನು ಒಂದು ಮಾತು ಹೇಳು. ತಪ್ಪಾಯ್ತು ಅನ್ನು ಸಾಕು. ನಾನು ಎಲ್ಲೂ ಹೋಗಲ್ಲ."

ಅವನು ಮೈಯಲ್ಲಿದ್ದ ಜೀವವನ್ನೆಲ್ಲ ನಾಲಗೆಗೆ ತಂದ. ತಪ್ಪಾಯ್ತು ಮಗಳೇ. ಇಷ್ಟೇ ತಾನೇ! ತಪ್ಪಾಯ್ತು, ತಪ್ಪಾಯ್ತು ಕಣೇ, ಹೋಗಬೇಡ ಎಂದು ಒಳಗೆ ಬಡಕೊಂಡ.

"ಹೋಗೋಳು ಬಾಗಿಲು ಹಾಕ್ಕೊಂಡು ಹೋಗು" ಅಂದಿತು ಬಾಯಿ.

ಅವಳು ಸ್ವಲ್ಪ ಹೊತ್ತು ಅವನ ಕಣ್ಣಲ್ಲಿ ಯಾರನ್ನೋ ಹುಡುಕಿದಳು. ಆಮೇಲೆ ಬಾಗಿಲು ಎಳೆದುಕೊಂಡು ಹೋದಳು. ಒಳಗೆ ಅವನು ಇನ್ನೂ ಕೂಗುತ್ತಲೇ ಇದ್ದ. ಕೈಗಳು ಹೊಸ ಬಟ್ಟೆಯೊಂದನ್ನು ಮೇಜಿನ ಮೇಲೆ ಹರಡಿ, ಸುಕ್ಕು ತೀಡಿ, ಗೆರೆ ಎಳೆಯತೊಡಗಿದ್ದವು.